ಕೌದಿಯ ಪುಟಕ್ಕೆ ನಾನು ಬರೆದದ್ದು

ಒಂದು ಕೌದಿಯ ಬಗ್ಗೆ ನಾನು ಹದಿನಾಲ್ಕು ಸಾಲು ಬರೆದೆ. ಆ ಹದಿನಾಲ್ಕು ಸಾಲಿನಿಂದ, ಒಬ್ಬ ತಾಯಿ ಯಾರಿಗೂ ಕಾಣದಂತೆ ಇಟ್ಟುಕೊಂಡಿದ್ದ ವಸ್ತು ಅವಳ ಕೈಬಿಟ್ಟು ಹೋಯಿತು. ಬರೆಯಬೇಡಿ ಎಂದು ನನಗೆ ಮೊದಲೇ ಹೇಳಿದ್ದರು. ಹೇಳಿದ ಮೇಲೂ ಬರೆದೆ. ಈಗ ನನಗೆ ಎಪ್ಪತ್ತಾರು. ಇನ್ನೂ ತಡಮಾಡಿದರೆ ಹೇಳಲು ಆಗದೇ ಹೋದೀತು.

ಮೆಟ್ರಿಕ್ ಮುಗಿಸಿದ ಮೇಲೆ ಮುಂದೆ ಓದುವ ಅನುಕೂಲವಿಲ್ಲದೆ ಗದಗಿನ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು ನಾನು. ಕೆಲವು ವರ್ಷಗಳ ನಂತರ ಕರಡು ತಿದ್ದುವುದು ನನ್ನ ಪಾಲಿಗೆ ಬಂತು. ಆಮೇಲೆ ಗಿರಾಕಿಗಳಿಗೆ ಮ್ಯಾಟರ್ ಬರೆದುಕೊಡುವುದು. ಲಗ್ನಪತ್ರಿಕೆ, ಅಂಗಡಿ ತೆರೆಯುವವರ ಹ್ಯಾಂಡ್‌ಬಿಲ್, ಸತ್ತವರ ಶ್ರದ್ಧಾಂಜಲಿ ಕಾರ್ಡು, ಎಲ್ಲಕ್ಕೂ ನನ್ನದೇ ಕೈ. ಜನ ಎದುರಿನ ಸ್ಟೂಲಿನ ಮೇಲೆ ಕುಳಿತು ಹೇಳುವರು, ನಾನು ಬರೆದುಕೊಳ್ಳುವೆ, ಚಂದ ಮಾಡುವೆ, ಒಳಗೆ ಕಳಿಸುವೆ. ಗದಗ ಬೇರೆ ಜಿಲ್ಲೆಯಾದಾಗ ಸುತ್ತಲ ಊರಿನ ಅಂಗಡಿಕಾರರೆಲ್ಲ ಲೆಟರ್‌ಹೆಡ್ಡಿನಲ್ಲಿ ‘ಧಾರವಾಡ ಜಿಲ್ಲೆ’ ತೆಗೆಸಿ ‘ಗದಗ ಜಿಲ್ಲೆ’ ಹಾಕಿಸಲು ಬಂದರು. ನಮಗೆ ತಿಂಗಳುಗಟ್ಟಲೆ ಊಟಕ್ಕೂ ಪುರುಸೊತ್ತಿರಲಿಲ್ಲ. ಮುಂಡರಗಿಯ ಒಬ್ಬ ಕಾಳಿನ ವ್ಯಾಪಾರಿ ಮಾತ್ರ ಹಳೆಯ ಕಟ್ಟು ಮುಗಿಯುವ ತನಕ ಧಾರವಾಡದ ಮೇಲೆ ಪೆನ್ನಿನಿಂದ ಗೆರೆ ಎಳೆಯುತ್ತ ಕಾಲ ಹಾಕಿದ.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಮೂವತ್ತೆಂಟು ವರ್ಷಗಳಲ್ಲಿ ನನ್ನೆದುರು ಕುಳಿತು ಮಾತಾಡಿದವರೆಲ್ಲ ತಮ್ಮ ಮಾತು ಅಚ್ಚಾಗಲಿ ಎಂದೇ ಮಾತಾಡಿದವರು. ಕೇಳಿದ್ದನ್ನು ಕೇಳಿದ ಹಾಗೆ ಇಟ್ಟುಕೊಳ್ಳುವ ರೂಢಿಯೇ ನನ್ನ ಕೈಗೆ ಆಗಿರಲಿಲ್ಲ. ಅಚ್ಚಿಗಲ್ಲದ ಮಾತೂ ಇರುತ್ತದೆಂದು ಗೊತ್ತಿರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಗೊತ್ತಿತ್ತು.

ನಿವೃತ್ತನಾಗಿ ಎರಡು ವರ್ಷಕ್ಕೆ, ಬೆಟಗೇರಿಗೆ ಕೊಟ್ಟ ನನ್ನ ತಂಗಿಯ ಮಗಳು, ಅಂದರೆ ನನ್ನ ಸೋದರಸೊಸೆ, ಹೊಸ ವ್ಯಾಪಾರ ಶುರು ಮಾಡಿದಳು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹೆಣ್ಣುಮಕ್ಕಳಿಂದ ಕೌದಿ ಹೊಲಿಸಿ ದೂರದ ಊರಿನವರಿಗೆ ಮಾರುವುದು. ಅದಕ್ಕೊಂದು ವೆಬ್‌ಸೈಟ್ ಮಾಡಿಸಿದ್ದಳು. ಒಂದು ದಿನ ಮನೆಗೆ ಬಂದು ನನ್ನ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟಳು.

“ಮಾಮಾ, ಫೋಟೋ ಅದಾವು, ರೇಟ್ ಅದಾವು. ಮಾತ ಇಲ್ಲ. ಮಾತು ನೀವ ಬರದ ಕೊಡಬೇಕು.”

“ನನಗ ಕಂಪ್ಯೂಟರ್ ಬರೂದಿಲ್ಲ ಬೇ.”

“ಕಂಪ್ಯೂಟರ್ ನನಗ ಬರತೈತಿ. ಕನ್ನಡ ನಿಮಗ ಬರತೈತಿ. ಆತಿಲ್ಲ?”

ನಾನು ಎರಡು ದಿನ ಕುಳಿತು ಬರೆದೆ. ‘ಕಲೆಯ ತವರಾದ ಗದಗ ಜಿಲ್ಲೆಯಿಂದ ಸಮಸ್ತ ಬಂಧು ಬಾಂಧವರಿಗೆ ಸವಿನಯ ವಿಜ್ಞಾಪನೆಗಳು’ ಎಂದು ಶುರುವಾಗಿ, ‘ತಾವು ಕುಟುಂಬ ಸಮೇತರಾಗಿ ಭೇಟಿ ನೀಡಿ ಪ್ರೋತ್ಸಾಹಿಸಬೇಕಾಗಿ ವಿನಂತಿ’ ಎಂದು ಮುಗಿಯಿತು. ಅವಳು ಓದಿ ಬಾಯಿಗೆ ಸೆರಗು ಹಿಡಿದುಕೊಂಡಳು.

“ಮಾಮಾ, ಇದನ್ನ ಓದಿದ್ರ ಮಂದಿ ಕೌದಿ ತಗೊಳ್ಳೂದಿಲ್ಲ. ಅಕ್ಕಿಕಾಳ ಹಾಕಿ, ಉಂಡ ಹೋಗ್ತಾರ.”

ಅವಳ ಗಂಡ ಒಳಗಿನಿಂದ, “ಮುಯ್ಯಿ ಬರಕೊಳ್ಳಾಕ ಯಾರ್ ಕುಂಡ್ರತಾರ ಕೇಳು” ಅಂದ.

ನನಗೆ ಸಿಟ್ಟು ಬಂತು. ಅವಳು ಸಮಾಧಾನ ಮಾಡಿದಳು. “ಹೊಲಿಯೋರ ಕಡೆ ಹೋಗಿ ಕುಂಡ್ರಿ ಮಾಮಾ. ಅವರ ಏನೇನ್ ಹೇಳ್ತಾರ ಕೇಳ್ರಿ. ಒಂದೊಂದ ಕೌದಿಗೂ ಒಂದೊಂದ ಕಥಿ ಇರತೈತಿ. ಓದಾಕ ಹತ್ತಿದೋರು ಮೊಬೈಲ್ ಕೆಳಗ ಇಡಬಾರದು, ಹಂಗ ಬರೀರಿ.”

ಹಾಗೆ ನಾನು ಲಕ್ಷ್ಮೇಶ್ವರಕ್ಕೆ ಹೋಗಿ ಬರತೊಡಗಿದೆ. ಅಲ್ಲಿ ಒಬ್ಬ ಹೆಂಗಸು ಕೌದಿ ಹೊಲಿಯುವುದರಲ್ಲಿ ಹೆಸರಾದವರು. ಹತ್ತಿ ಹಿಂಜಿ ಗಾದಿ ಮಾಡುವ ಮುಸಲ್ಮಾನರ ಮನೆತನ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ನನಗಿಂತ ಎರಡು ಮೂರು ವರ್ಷಕ್ಕೆ ಹಿರಿಯರು. ನಾನು ಅಕ್ಕಾರ ಎನ್ನುತ್ತಿದ್ದೆ, ಅವರು ಅಣ್ಣಾರ ಎನ್ನುತ್ತಿದ್ದರು. ಅವರ ಪಡಸಾಲೆಯ ಗೋಡೆಗುಂಟ ಹಳೆಯ ಬಟ್ಟೆಯ ಗಂಟುಗಳು ಸಾಲಾಗಿರುತ್ತಿದ್ದವು. ಯಾವ ಗಂಟಿಗೂ ಚೀಟಿ ಇಲ್ಲ. ಕಟ್ಟಿದ ರೀತಿ ನೋಡಿಯೇ ಯಾವ ಊರಿನ ಯಾವ ಮನೆಯದೆಂದು ಹೇಳುತ್ತಿದ್ದರು. ಸುತ್ತಲಿನ ಹಿಂದೂ ಮುಸಲ್ಮಾನರ ಮನೆಗಳೆಲ್ಲ ಅವರಲ್ಲಿಗೇ ಗಂಟು ತರುತ್ತಿದ್ದವು. ಬಟ್ಟೆಯ ಜೊತೆಗೆ ಮನೆಯ ಸುದ್ದಿಯೂ ಬರುತ್ತಿತ್ತು. ತೀರಿಹೋದ ಅತ್ತೆಯ ಸೀರೆ, ಬಿಟ್ಟುಬಂದ ಗಂಡನ ಧೋತರ, ಯಾರೋ ತೊಟ್ಟು ಯಾರೋ ಅತ್ತ ಕುಪ್ಪಸ. ಅವೆಲ್ಲವನ್ನೂ ಅವರು ಕತ್ತರಿಸಿ, ಜೋಡಿಸಿ, ಸುಮ್ಮನೆ ಹೊಲಿದುಬಿಡುತ್ತಿದ್ದರು.

ನಮ್ಮ ಕಡೆ ಕೌದಿಗೆ ಹೊಟ್ಟೆ ತುಂಬಿಸುವ ಪದ್ಧತಿ ಇದೆ. ಕೊನೆಯ ಮೂಲೆ ಹೊಲಿದು ಮುಚ್ಚುವ ಮೊದಲು ಒಳಗೊಂದು ಹೋಳಿಗೆಯ ತುಣುಕು ಇಡುತ್ತಾರೆ. ಗಂಟು ಕೊಟ್ಟ ಮನೆಯವರೇ ಅದನ್ನು ಕಳಿಸುತ್ತಾರೆ, ಮರೆತರೆ ಅಕ್ಕಾರ ತಮ್ಮ ಮನೆಯ ರೊಟ್ಟಿಯ ಚೂರು ಇಡುತ್ತಿದ್ದರು. “ಹಸದ ಕೌದಿ ಹೊದ್ದರ ನಿದ್ದಿ ಹತ್ತೂದಿಲ್ರಿ ಅಣ್ಣಾರ” ಎನ್ನುತ್ತಿದ್ದರು.

ಇದನ್ನು ಬರೆದುಕೊಟ್ಟೆ. ವೆಬ್‌ಸೈಟಿನ ಮೊದಲ ಪುಟವಾಯಿತು. ಒಂದು ವಾರದಲ್ಲಿ ಸೊಸೆ ಫೋನು ಮಾಡಿ, “ಮಾಮಾ, ಪುಣೆದಿಂದ ಒಬ್ಬಾಕಿ ಮಾತಾಡಿದ್ಲು. ಓದಿ ಕಣ್ಣಾಗ ನೀರ ಬಂತಂತ” ಅಂದಳು.

ನಾನು ಬರೆದ ಸಾವಿರಾರು ಶ್ರದ್ಧಾಂಜಲಿ ಕಾರ್ಡುಗಳನ್ನು ಓದಿ ಯಾರೂ ಅತ್ತಿದ್ದಿಲ್ಲ. ಕೈಗೆ ತೆಗೆದುಕೊಂಡು ಪಕ್ಕಕ್ಕಿಡುತ್ತಿದ್ದರು. ಎಲ್ಲಿಯೋ ಇರುವ ಹೆಂಗಸೊಬ್ಬಳು ನನ್ನ ಮಾತಿಗೆ ಕಣ್ಣು ಒರೆಸಿಕೊಂಡಳು ಎಂಬುದು ನನ್ನ ತಲೆಗೆ ಏರಿತು. ಇನ್ನೊಬ್ಬಳು ಅಳಲಿ ಅನ್ನಿಸಿತು. ಮುಂದಿನದಕ್ಕೆಲ್ಲ ಇದೇ ಮೂಲ.

ಅದಾದ ಮೇಲೆ ಒಂದು ಮಧ್ಯಾಹ್ನ ಅಕ್ಕಾರ ಮನೆಯಲ್ಲಿ ಮುಗಿದ ಕೌದಿಯೊಂದು ಮಡಿಚಿಟ್ಟದ್ದು ಕಂಡಿತು. ಅದು ಮಾರುವುದಕ್ಕೆ ಹೊಲಿದದ್ದಲ್ಲ. ಒಂದು ಮನೆಯವರು ತಮ್ಮ ಗಂಟು ಕೊಟ್ಟು ತಮಗಾಗಿಯೇ ಹೊಲಿಸಿದ್ದು, ಒಯ್ಯಲು ಬರಬೇಕಾಗಿತ್ತು. ನಾನು ಈವರೆಗೆ ನೋಡಿದ ಕೌದಿಗಳಲ್ಲಿ ಅದರಷ್ಟು ಚಂದದ್ದು ಇನ್ನೊಂದಿಲ್ಲ. ಬಿಚ್ಚಿ ಕೈಯಾಡಿಸಿದೆ. ನಡುವೆ ಒಂದು ಕಡೆ, ಅಂಗೈಯಷ್ಟು ಜಾಗ ಉಳಿದದ್ದಕ್ಕಿಂತ ದಪ್ಪವಾಗಿತ್ತು.

“ಅಕ್ಕಾರ, ಹೋಳಿಗಿ ಮೂಲ್ಯಾಗ ಇಡ್ತೀರಿ. ಇದೇನ್ರಿ ನಡಬರಕ?”

ಅವರು ಕೌದಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಮತ್ತೆ ಮಡಿಚಿದರು. ಆಮೇಲೆ ಹೇಳಿದರು. ಆ ಮನೆಯ ಸೊಸೆ ಒಂದು ಕೂಸನ್ನು ಕಳೆದುಕೊಂಡಿದ್ದಳು. ಮುಂದಿನ ಕೂಸು ಉಳಿಯಬೇಕಾದರೆ ಹೋದದ್ದರ ಯಾವ ವಸ್ತುವೂ ಮನೆಯಲ್ಲಿರಬಾರದೆಂದು ಅತ್ತೆ ತೊಟ್ಟಿಲು, ಕುಲಾಯಿ, ದುಪಟಿ ಎಲ್ಲ ತೆಗೆಸಿಹಾಕಿದ್ದಳು. ಸೊಸೆ ಹೇಗೋ ಒಂದು ಬಟ್ಟೆ ಉಳಿಸಿಕೊಂಡಿದ್ದಳು. ಕೂಸು ಕೊನೆಯ ಸಲ ತೊಟ್ಟಿದ್ದು, ತೊಳೆಯದೆ ಇಟ್ಟದ್ದು. ಅದನ್ನು ಸೀರೆಗಳ ಗಂಟಿನಲ್ಲಿ ಸೇರಿಸಿ ತಂದು ಅಕ್ಕಾರ ಕೈಗೆ ಕೊಟ್ಟಿದ್ದಳು.

“‘ಯಾರಿಗೂ ಕಾಣಬಾರದು, ಹೊದ್ದಕೊಂಡ್ರ ನನ್ನ ಎದಿ ಮ್ಯಾಲೆ ಬರಬೇಕು, ಹಂಗ ಹೊಲೀರಿ’ ಅಂದ್ಲು. ಹೊಲದೆ. ಇದು ಬರಿಯಾಕ ಅಲ್ರಿ ಅಣ್ಣಾರ. ನೀವು ಕೈ ಹಚ್ಚಿ ಕೇಳಿದ್ರಿ, ಸುಳ್ಳ ಹೇಳಾಕ ಬಾಯಿ ಬರಲಿಲ್ಲ.”

“ನಾ ಯಾಕ ಬರೀಲಿ ಬಿಡ್ರಿ ಅಕ್ಕಾರ” ಅಂದೆ.

ಹೇಳುವಾಗ ಅದು ನಿಜವೇ ಆಗಿತ್ತು. ಸಂಜೆಯ ಬಸ್ಸು ಶಿರಹಟ್ಟಿ ನಿಲ್ದಾಣಕ್ಕೆ ಬರುವಷ್ಟರಲ್ಲಿ ಮೊದಲ ವಾಕ್ಯ ತಲೆಯಲ್ಲಿತ್ತು. ಗದಗಿನಲ್ಲಿ ಇಳಿದಾಗ ನಾಲ್ಕು ವಾಕ್ಯಗಳಿದ್ದವು. ಹೆಸರು ಹಾಕುವುದಿಲ್ಲ, ಊರು ಹಾಕುವುದಿಲ್ಲ, ಮತ್ತೇನು ತಪ್ಪು ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ.

ಆ ಕೌದಿಯ ಫೋಟೋ ನನ್ನ ಸೊಸೆಯ ಹತ್ತಿರ ಆಗಲೇ ಇತ್ತು. ಎರಡು ದಿನ ಮೊದಲು ಅವಳೂ ಲಕ್ಷ್ಮೇಶ್ವರಕ್ಕೆ ಹೋಗಿದ್ದಾಗ, ಮಾದರಿಗೆಂದು ತೋರಿಸಲು ಕೇಳಿ ತೆಗೆದುಕೊಂಡಿದ್ದಳು. “ಫೋಟೋ ತಗದ್ರ ಏನ್ ಸವದ ಹೋಗೂದಿಲ್ಲ, ತಗೋ ಬೇಟಾ” ಎಂದು ಅಕ್ಕಾರೇ ಗೋಡೆಗೆ ಹಿಡಿದು ನಿಂತಿದ್ದರಂತೆ. ಆ ಫೋಟೋದ ಕೆಳಗೆ ಹಾಕಲು ನಾನು ಹದಿನಾಲ್ಕು ಸಾಲು ಬರೆದುಕೊಟ್ಟೆ. ಸೊಸೆ ಓದಿ ನನ್ನ ಮುಖ ನೋಡಿದಳು.

“ಮಾಮಾ, ಇದು ಖರೇನ ಐತೇನ್ರಿ?”

“ಖರೆ.”

“ಹಾಕಾಕ ಅಡ್ಡಿ ಇಲ್ಲಲಾ? ಅವರನ್ನ ಕೇಳೀರೇನು?”

“ಕೇಳೀನಿ” ಅಂದೆ.

ಇದು ನನ್ನ ಎರಡನೆಯ ತಪ್ಪಲ್ಲ, ಮೊದಲನೆಯದೇ. ಅಲ್ಲಿಯ ತನಕ ಅದು ಹಾಳೆಯ ಮೇಲಿನ ಬರಹ, ಹರಿದು ಒಲೆಗೆ ಹಾಕಬಹುದಿತ್ತು. ಅವಳು ಕೇಳಿದಾಗ ಒಂದು ಮಾತಿನಲ್ಲಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಆ ಪುಟವನ್ನು ಜನ ಮತ್ತೆ ಮತ್ತೆ ಓದಿದರು. ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡರು. ಬೇಡಿಕೆ ಬಂತು. ಸೊಸೆ ಪೇಢೆ ತಂದುಕೊಟ್ಟಳು. ಪ್ರೆಸ್ಸಿನ ಹಳೆಯ ಗೆಳೆಯನೊಬ್ಬ ಸಿಕ್ಕು, “ಏನಲೇ, ಮುಪ್ಪಿನ ಕಾಲಕ್ಕ ಬರಿಯಾಕ ಕಲತೆಲ್ಲ!” ಎಂದು ಬೆನ್ನು ತಟ್ಟಿದ. ನಾನು ಎದೆಯುಬ್ಬಿಸಿ ತಿರುಗಾಡಿದೆ. ಲಕ್ಷ್ಮೇಶ್ವರಕ್ಕೆ ಮಾತ್ರ ಹೋಗಲಿಲ್ಲ. ಬಿಸಿಲು, ಮಂಡಿನೋವು ಎಂದು ನೆವ ಹೇಳಿದೆ.

ಆ ಕೂಸಿನ ತಾಯಿಯ ಊರನ್ನು ಇಲ್ಲಿಯೂ ಹೇಳುವುದಿಲ್ಲ. ಶಿರಹಟ್ಟಿ ಇರಬಹುದು, ಮುಂಡರಗಿ ಇರಬಹುದು, ಗದಗೇ ಇರಬಹುದು. ಕೂಸಿನ ಬಟ್ಟೆ ಯಾವುದು, ಯಾವ ಬಣ್ಣದ್ದು ಎಂದೂ ಹೇಳುವುದಿಲ್ಲ. ಆದರೆ ಊರು ಹೇಳದಿದ್ದರೂ ಗುರುತು ಸಿಕ್ಕೀತೆಂದು ಆಗ ನನಗೆ ಹೊಳೆದಿರಲಿಲ್ಲ. ಅವರ ಬಳಗದ ಒಂದು ಮನೆಯ ವಾಸ್ತುಶಾಂತಿಯಲ್ಲಿ ಯಾರೋ ಮೊಬೈಲು ಹಿಡಿದು ಅದನ್ನು ಗಟ್ಟಿಯಾಗಿ ಓದಿದರು. ಹೆಂಗಸರು ಅಯ್ಯೋ ಪಾಪ ಎನ್ನುತ್ತ ಫೋಟೋ ನೋಡಿದರು. ನೋಡಿದವರಲ್ಲಿ ಒಬ್ಬಳು, “ಇದು ನಿಮ್ಮ ಲಗ್ನದ ಸೀರಿ ಸೆರಗಲ್ಲೇನ?” ಎಂದು ಪಕ್ಕದಲ್ಲಿದ್ದ ಆ ಅತ್ತೆಯನ್ನೇ ಕೇಳಿದಳು.

ಅದಾಗಿ ಕೆಲವು ದಿನಕ್ಕೆ ನನ್ನ ಸೊಸೆಯ ಫೋನು ಬಂದಾಗ ನಾನು ಮೊಮ್ಮಗಳಿಗೆ ಶೇಂಗಾ ಸುಲಿದುಕೊಡುತ್ತಿದ್ದೆ.

“ಮಾಮಾ, ನೀವು ಅವರನ್ನ ಕೇಳಿದ್ದಿಲ್ಲ.”

ಅಷ್ಟೇ ಅಂದಳು. ನಾನು ಇಲ್ಲ ಎಂದೆ. ಅವಳು ಪುಟವನ್ನು ಆಗಲೇ ತೆಗೆದುಹಾಕಿದ್ದಳು. ಫೋನು ಇಟ್ಟ ಸಪ್ಪಳವೂ ಕೇಳಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೋದೆ. ಪಡಸಾಲೆಯ ಗೋಡೆಗುಂಟ ಗಂಟುಗಳಿರಲಿಲ್ಲ. ಒಂದೊಂದೇ ಮನೆಯವರು ಬಂದು, ಈ ವರ್ಷ ಬೇಡ, ಹಬ್ಬ ಆಗಲಿ ಎಂದು ಹೇಳಿ ಒಯ್ದಿದ್ದರು. ಅಕ್ಕಾರ ನನ್ನನ್ನು ನೋಡಿ, “ಕುಂಡ್ರಿ” ಅಂದರು. ಚಹಾ ಮಾಡಿ ತಂದಿಟ್ಟರು.

“ತಪ್ಪಾತ್ರಿ ಅಕ್ಕಾರ.”

“ಆತು.”

ಆ ಎರಡಕ್ಷರ ಕ್ಷಮೆಯಾಗಿರಲಿಲ್ಲ. ನಡೆದದ್ದು ನಡೆಯಿತು ಎಂಬ ಲೆಕ್ಕದಲ್ಲಿ ಅಂದದ್ದು. ಆಮೇಲೆ ತಾವಾಗಿಯೇ ಹೇಳಿದರು. ಅತ್ತೆ ಕೌದಿಯನ್ನು ಹೊತ್ತು ತಂದು ಅವರ ಮುಂದೆ ಹಾಕಿ, ‘ನೀನ ಹೊಲದಿ, ನೀನ ಬಿಚ್ಚು’ ಅಂದಿದ್ದಳು. ಅವಳ ಸೊಸೆ ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಆಗ ಮತ್ತೆ ನಾಲ್ಕು ತಿಂಗಳು ತುಂಬಿತ್ತು.

“ಹೊಲಿಯಾಕ ಹದಿನೈದ ದಿನ ಹತ್ತಿದ್ವು. ಬಿಚ್ಚಾಕ ಒಂದ ತಾಸೂ ಹತ್ತಲಿಲ್ಲ. ನನ್ನ ಕೈಲೇ ಬಿಚ್ಚಿ ನನ್ನ ಕೈಲೇ ಕೊಟ್ಟೆ. ಕೂಸಿನ ಬಟ್ಟಿ ಹೊಳಿಗೆ ಬಿಟ್ಟರಂತ. ಆ ಅತ್ತಿನೂ ಅತ್ತಳ್ರಿ. ಕೆಟ್ಟಾಕಿ ಅಲ್ಲ ಆಕಿ, ಅಂಜ್ಯಾಳ.”

“ಆ ಹೆಣ್ಮಗಳು?”

“ಆಕಿ ಅಳಲಿಲ್ಲ. ನನ್ನ ಮುಖಾ ನೋಡಿದ್ಲು. ಅಷ್ಟ.”

ನಾನು, ಆ ಮನೆಗೆ ಹೋಗಿ ಕಾಲಿಗೆ ಬೀಳುತ್ತೇನೆ, ನಿಮ್ಮದೇನೂ ತಪ್ಪಿಲ್ಲವೆಂದು ಹೇಳುತ್ತೇನೆ ಎಂದೆ. ಅಕ್ಕಾರ ಲೋಟ ತೆಗೆದುಕೊಂಡು ಎದ್ದರು.

“ಬ್ಯಾಡ. ಹೋದ್ರ ನೀವು ಹಗೂರ ಆಗ್ತೀರಿ. ಆಕಿ ಮತ್ತೊಮ್ಮೆ ಮನಿ ಮಂದಿ ಎಲ್ಲಾರ ಮುಂದ ನಿಂದ್ರಬೇಕಾಕ್ಕೈತಿ.”

ಸೊಸೆಯ ವ್ಯಾಪಾರಕ್ಕೆ ಹೊಲಿಯುವುದನ್ನೂ ಅವರು ಬಿಟ್ಟುಬಿಟ್ಟರು. ಸೊಸೆ ನನ್ನಿಂದ ಮತ್ತೆ ಏನನ್ನೂ ಬರೆಸಲಿಲ್ಲ. ಅವಳ ವೆಬ್‌ಸೈಟಿನಲ್ಲಿ ಈಗ ಕೌದಿಯ ಉದ್ದ, ಅಗಲ, ಎಷ್ಟು ಪದರು, ಹೇಗೆ ಒಗೆಯಬೇಕು, ಇಷ್ಟೇ ಇರುತ್ತದೆ. ಕೌದಿಗಳು ಮಾರಿಹೋಗುತ್ತಲೇ ಇವೆ. ಅಂದರೆ ನನ್ನ ಹದಿನಾಲ್ಕು ಸಾಲು ವ್ಯಾಪಾರಕ್ಕೂ ಬೇಕಾಗಿರಲಿಲ್ಲ.

ನಾನು ತಿಂಗಳಿಗೊಮ್ಮೆ ಲಕ್ಷ್ಮೇಶ್ವರಕ್ಕೆ ಹೋಗುವುದನ್ನು ಮುಂದುವರಿಸಿದೆ. ಬರಬೇಡಿ ಎಂದು ಅಕ್ಕಾರ ಅನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಅವರ ಕಣ್ಣು ಮಂದವಾಗಿತ್ತು. ನಾನು ಕನ್ನಡಕ ಏರಿಸಿಕೊಂಡು ಹತ್ತಾರು ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಬರುತ್ತಿದ್ದೆ. ಮೊದಲಿನ ಹಾಗೆ ಯಾವ ಸೀರೆ ಯಾರದೆಂದು ಅವರು ಹೇಳುತ್ತಿರಲಿಲ್ಲ. ಮಳೆ, ಬಸ್ಸು, ಹಲ್ಲುನೋವು, ಇವೇ ನಮ್ಮ ಮಾತು. ಎರಡನೆಯ ವರ್ಷ ಒಂದೆರಡು ಗಂಟುಗಳು ಗೋಡೆಯ ಹತ್ತಿರ ಮತ್ತೆ ಕಾಣಿಸಿಕೊಂಡವು. ನಾನು ಅವುಗಳ ಕಡೆ ನೋಡದಂತೆ ಗೋಡೆಗೆ ಬೆನ್ನು ಮಾಡಿ ಕೂರುತ್ತಿದ್ದೆ.

ಮೂರನೆಯ ವರ್ಷ ಒಂದು ದಿನ ನಾನು ದಾರ ಪೋಣಿಸುತ್ತಿರುವಾಗ ಹೆಣ್ಣುಮಗಳೊಬ್ಬಳು ಒಳಗೆ ಬಂದಳು. ಸೊಂಟದ ಮೇಲೆ ಎರಡು ವರ್ಷದ ಹುಡುಗಿ, ಕೈಯಲ್ಲಿ ಗಂಟು. ಅಕ್ಕಾರ ಎದ್ದು ನಿಂತ ರೀತಿಯಿಂದಲೇ ಯಾರೆಂದು ನನಗೆ ತಿಳಿಯಿತು. ಅವರು ನನ್ನ ಕಡೆ ಒಮ್ಮೆ ನೋಡಿ, ನೀರು ತರಲು ಒಳಗೆ ಹೋದರು. ನಾನು ಸುಮ್ಮನೆ ಕೂತಿದ್ದರೆ ಸೂಜಿ ಪೋಣಿಸುವ ಮುದುಕನಾಗಿಯೇ ಉಳಿಯುತ್ತಿದ್ದೆ.

“ತಂಗಿ, ಅದನ್ನ ಬರದಾಂವ ನಾನ” ಅಂದೆ.

ಅವಳು ಹುಡುಗಿಯನ್ನು ಕೆಳಗಿಳಿಸಿದಳು. ನನ್ನ ಮುಂದೆಯೇ ಕುಳಿತಳು. ಬೈಯಲಿ ಎಂದು ಕಾಯುತ್ತಿದ್ದೆ.

“ಅದನ್ನ ನಾ ಓದೀನ್ರಿ” ಅಂದಳು. “ತಗದ ಹಾಕೂಕಿಂತ ಮೊದಲ ಮೊಬೈಲಿನ್ಯಾಗ ಇಟ್ಕೊಂಡೆ. ಈಗ ನನ್ನ ಕಡೆ ಅದೊಂದ ಐತಿ. ಆದರ ಅದರಾಗ ನೀವು ‘ಮೂರು ತಿಂಗಳ ಕೂಸು’ ಅಂತ ಬರದೀರಿ.”

ನಾನು ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟೆ.

“ಮೂರ ಅಲ್ರಿ. ಒಂಬತ್ತ ತಿಂಗಳಾಗಿತ್ತು ನನ್ನ ಮಗಗ. ಗ್ವಾಡಿ ಹಿಡಕೊಂಡ ನಿಂದ್ರತಿದ್ದ. ಕೆಳಗ ಎರಡ ಹಲ್ಲ ಬಂದಿದ್ವು. ಯಾಕ ಕಡಿಮಿ ಮಾಡಿದ್ರಿ?”

ಅಕ್ಕಾರ ನನಗೆ ಒಂಬತ್ತು ತಿಂಗಳೆಂದೇ ಹೇಳಿದ್ದರು. ಒಂಬತ್ತಕ್ಕಿಂತ ಮೂರು ಎಂದರೆ ಓದುವವರ ಕರುಳು ಹೆಚ್ಚು ಚುರ್ ಅಂದೀತೆಂದು ನಾನು ಬದಲಿಸಿದ್ದೆ. ಕರಡು ತಿದ್ದುವವನ ಕೈ, ಒಂದು ಪದ ತೆಗೆದು ಇನ್ನೊಂದು ಹಾಕುವುದಕ್ಕೆ ಅಂಜುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಸೊಸೆಗೂ ಹೇಳಿರಲಿಲ್ಲ. ಇದು ಯಾರ ಕಣ್ಣಿಗಾದರೂ ಬಿದ್ದೀತು ಎಂದೂ ಎಣಿಸಿರಲಿಲ್ಲ. ಒಬ್ಬಳಿಗೆ ಮಾತ್ರ ಬೀಳಬಹುದಿತ್ತು, ಅವಳಿಗೆ ಬಿದ್ದಿತ್ತು. ಅವಳ ಮಗನ ಬಟ್ಟೆಯನ್ನು ಹೊಳೆಗೆ ಬಿಡುವುದಕ್ಕೆ ಮೊದಲೇ ಅವನ ಆರು ತಿಂಗಳನ್ನು ನಾನು ತೆಗೆದುಹಾಕಿದ್ದೆ.

ಕಾರಣವನ್ನು ಅವಳಿಗೆ ಇದ್ದಂತೆಯೇ ಹೇಳಿದೆ. ಓದುವವರು ಅಳಲಿ ಎಂದು ಮಾಡಿದೆ ಎಂದೆ. ಹುಡುಗಿ ಉರುಳಿಸಿಕೊಂಡು ಹೋದ ದಾರದ ಉಂಡೆಯನ್ನು ಅವಳು ಎದ್ದು ಹಿಡಿದು ತಂದಳು. “ತಿದ್ದಿ ಬರೀಲೇನು ತಂಗಿ?” ಎಂದು ಕೇಳಿದೆ.

“ಬರದರ ಖರೇದ್ದ ಬರೀರಿ. ಊರು ಬ್ಯಾಡ. ಹೆಸರು ಬ್ಯಾಡ.”

ಆಮೇಲೆ ಅಕ್ಕಾರ ನೀರು ತಂದರು. ಅವಳು ಗಂಟು ಬಿಚ್ಚುವ ಮೊದಲು ನಾನು ಎದ್ದು ಹೊರಗೆ ಬಂದೆ.

ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಹುಡುಗನಿಗೆ ಒಂಬತ್ತು ತಿಂಗಳಾಗಿತ್ತು. ಅವನು ಗೋಡೆ ಹಿಡಿದು ನಿಲ್ಲುತ್ತಿದ್ದ. ಅವನಿಗೆ ಕೆಳಗೆ ಎರಡು ಹಲ್ಲು ಬಂದಿದ್ದವು.